ನಾಲ್ಕನೇ ಟ್ರ್ಯಾಕ್

ವಾರ 1

ಅಟ್ಟದಲ್ಲಿ ಬೇರೇನೋ ಹುಡುಕುವಾಗ ಒಂದು ಕ್ಯಾಸೆಟ್ ಸಿಕ್ಕಿತು. ಮೇಲೆ ನನ್ನದೇ ಕೋಳಿ ಕೆದರಿದಂಥ ಅಕ್ಷರದಲ್ಲಿ '1987, ಅಳಿಸಬೇಡಿ' ಎಂದು ಬರೆದಿದೆ. ನನ್ನ ಎರಡನೇ ಬ್ಯಾಂಡಿನದು. ಆಗ ನನಗೆ 22. ಬೇಸ್ ಗಿಟಾರ್ ನುಡಿಸುತ್ತಿದ್ದೆ.

ಮನೆಯಲ್ಲಿದ್ದ ಮಾಮೂಲಿ ಡೆಕ್‌ಗೆ ಹಾಕಿದೆ. ಯಾರೋ ಪಕ್ಕದ ಕೋಣೆಯಲ್ಲಿ ಬೀರು ಎಳೆಯುತ್ತಿರುವಂಥ ಸದ್ದು. ಬೇಸ್ ಮತ್ತು ಡ್ರಮ್ಸ್ ಅರ್ಧ ವೇಗದಲ್ಲಿ ತೆವಳುತ್ತಿವೆ. ತಿರುವಿ ಹಾಕಿದೆ. ನಮ್ಮ ಹಾಡುಗಾರ್ತಿ ಉಲ್ಟಾ ಹಾಡುತ್ತಿದ್ದಾಳೆ, ಅದೂ ಗಂಡು ದನಿಯಲ್ಲಿ! ಮಗಳು ಬಾಗಿಲಲ್ಲಿ ಬಂದು ನಿಂತು, "ಅಪ್ಪಾ, ಏನದು?" ಅಂದಳು.

ಕ್ಯಾಸೆಟ್ ಹಾಳಾಗಿಲ್ಲ. ಮಾಮೂಲಿ ಕ್ಯಾಸೆಟ್‌ನಲ್ಲಿ ಒಂದು ಬದಿಗೆ ಎರಡು ಟ್ರ್ಯಾಕ್ (ಟೇಪಿನ ಮೇಲೆ ಸದ್ದು ದಾಖಲಾಗುವ ಪಟ್ಟಿ), ಇನ್ನೊಂದು ಬದಿಗೆ ಎರಡು. 1979ರಲ್ಲಿ ಬಂದ ಟಾಸ್ಕಾಮ್ ಪೋರ್ಟಾಸ್ಟುಡಿಯೋ ಎಂಬ ರೆಕಾರ್ಡರ್ ಆ ನಾಲ್ಕನ್ನೂ ಒಂದೇ ದಿಕ್ಕಿನಲ್ಲಿ ಬಳಸಿಕೊಂಡಿತು. ಟೇಪನ್ನು ಸೆಕೆಂಡಿಗೆ 4.76 ಸೆಂ.ಮೀ. ಬದಲು ಅದರ ಎರಡರಷ್ಟು ವೇಗದಲ್ಲಿ ಓಡಿಸಿತು. ನಾವು ಕಡ ತಂದದ್ದೂ ಅಂಥದೇ ಒಂದು ಮಷೀನು. ಈಗ ಅದು ಯಾರ ಹತ್ತಿರ ಇದೆಯೋ.

ಕಂಪ್ಯೂಟರಿಗೆ ಎರಡೂ ಬದಿ ಹಾಕಿಕೊಂಡು, ವೇಗ ಎರಡರಷ್ಟು ಮಾಡಿ, ಎರಡನೇ ಬದಿಯನ್ನು ಹಿಂದುಮುಂದು ತಿರುಗಿಸಿದೆ. 1ರಲ್ಲಿ ಡ್ರಮ್ಸ್. 2ರಲ್ಲಿ ನನ್ನ ಬೇಸ್. 3ರಲ್ಲಿ ಹಾಡು ಮತ್ತು ಗಿಟಾರ್ ಒಂದೇ ಮೈಕಿನಲ್ಲಿ. 4 ಖಾಲಿ ಅಂದುಕೊಂಡಿದ್ದೆ. ಖಾಲಿ ಅಲ್ಲ. ಎರಡನೇ ಚರಣದ ನಂತರ ಹದಿನಾರು ಬಾರ್ (ತಾಳದ ಒಂದು ಸುತ್ತು ಅಂದರೆ ಒಂದು ಬಾರ್) ಸೋಲೋಗೆ, ಒಂದೇ ವಾದ್ಯ ಮುಂದೆ ಬಂದು ನುಡಿಯುವುದಕ್ಕೆ, ಜಾಗ ಬಿಟ್ಟಿದ್ದೆವು. ಅಲ್ಲಿ ಗಿಟಾರ್‌ನ ಎರಡು ಬಾರ್ ಕೇಳಿಸುತ್ತದೆ, ಒಂದು ತಪ್ಪು ಸ್ವರ, ಆಮೇಲೆ ನನ್ನದೇ ದನಿ: "ಛೆ, ಇನ್ನೊಂದ್ಸಲ." ಅಷ್ಟೇ. ಆ ವಾರವೇ ಬ್ಯಾಂಡ್ ಒಡೆಯಿತು. ಜಗಳ ಏನೂ ಇಲ್ಲ, ಇಬ್ಬರಿಗೆ ಕೆಲಸ ಸಿಕ್ಕಿತು.

ಹಾಗಾಗಿ ಈ ಪ್ರಾಜೆಕ್ಟ್. ಆ ಹದಿನಾರು ಬಾರ್ ತುಂಬಿಸಬೇಕು. ಮನೆಯಲ್ಲಿ ಐವತ್ತು ವರ್ಷದ ವಾದ್ಯಗಳು ಬಿದ್ದಿವೆ. ಒಂದೊಂದಾಗಿ ಹೊರಗೆ ತೆಗೆದು ನೋಡೋಣ.

ವಾರ 2

ಎರಡು ಬದಿಗಳನ್ನು ಬೇರೆ ಬೇರೆ ಸಲ ಓಡಿಸಿದ್ದರಿಂದ ತಾಳ ಕೂಡುತ್ತಿಲ್ಲ. ಶುರುವಿನಲ್ಲಿ ಸರಿಯಾಗಿ ಜೋಡಿಸಿದರೆ ನಾಲ್ಕನೇ ನಿಮಿಷಕ್ಕೆ ಅರ್ಧ ಸೆಕೆಂಡ್ ಆಚೀಚೆ. ಹಳೆ ಡೆಕ್‌ನ ಮೋಟಾರು ಒಂದೇ ಸಮನೆ ತಿರುಗುವುದಿಲ್ಲ, ಅಲ್ವಾ. ಮೂರನೇ ಟ್ರ್ಯಾಕನ್ನು ಹೆಡ್‌ಫೋನ್‌ನಲ್ಲಿ ಜೋರಾಗಿ ಕೇಳುತ್ತಿದ್ದಾಗ ದಾರಿ ಸಿಕ್ಕಿತು. ಹಾಡುಗಾರ್ತಿ ಹಾಕಿಕೊಂಡಿದ್ದ ಹೆಡ್‌ಫೋನ್‌ನಿಂದ ಸೋರಿದ ಡ್ರಮ್ಸ್ ಅವಳ ಮೈಕಿಗೆ ಸಣ್ಣಗೆ ಬಿದ್ದಿದೆ. ಟಿಕ್, ಟಿಕ್. ಆ ಸೋರಿಕೆಯನ್ನೇ ಗುರುತು ಇಟ್ಟುಕೊಂಡು ಎಂಟೆಂಟು ಬಾರ್ ತುಂಡು ಮಾಡಿ ಎಳೆದು ಕೂರಿಸಿದೆ. ಮೂರು ಸಂಜೆ ಹಿಡಿಯಿತು.

ಇನ್ನೊಂದು ತಾಪತ್ರಯ. ಹಾಡು ಇಡೀ ಸುಮಾರು 30 ಸೆಂಟ್ (ಅರ್ಧ ಸ್ವರದ ನೂರನೇ ಒಂದು ಭಾಗ ಒಂದು ಸೆಂಟ್) ಮೇಲಿದೆ. 'ಎ' ಸ್ವರ ಅಂದರೆ 440 ಹರ್ಟ್ಜ್ ಎಂದು 1939ರಲ್ಲೇ ಲಂಡನ್‌ನ ಸಭೆಯೊಂದರಲ್ಲಿ ಒಪ್ಪಿದ್ದರು. ನಮ್ಮ ಬ್ಯಾಂಡಿಗೆ ಸುದ್ದಿ ತಲುಪಿರಲಿಲ್ಲ. ನಮ್ಮದು ಹತ್ತಿರ ಹತ್ತಿರ 448. ಯಾರ ಗಿಟಾರ್ ಮೊದಲು ಕೈಗೆ ಸಿಗುತ್ತಿತ್ತೋ ಅದಕ್ಕೇ ಎಲ್ಲರೂ ಶ್ರುತಿ ಮಾಡಿಕೊಳ್ಳುತ್ತಿದ್ದೆವು. ಹಾಡನ್ನು ಶೇಕಡಾ 1.7ರಷ್ಟು ನಿಧಾನ ಮಾಡಿದೆ. ನಾಲ್ಕು ನಿಮಿಷದ ಹಾಡು ನಾಲ್ಕು ಸೆಕೆಂಡ್ ಉದ್ದವಾಯಿತು, ಶ್ರುತಿ ಜಾಗಕ್ಕೆ ಬಂತು.

ಆಮೇಲೆ ಕೂತು ನನ್ನ ಬೇಸ್ ಒಂದನ್ನೇ ಕೇಳಿದೆ. ಅಬ್ಬಾ, ಎಷ್ಟು ಸ್ವರಗಳು! ಹಾಡುಗಾರ್ತಿ ಉಸಿರು ತೆಗೆದುಕೊಳ್ಳುವ ಜಾಗದಲ್ಲೆಲ್ಲ ನಾನು ನುಗ್ಗಿದ್ದೇನೆ. ನಾನು ಬೇಸ್‌ಗೆ ಬಂದದ್ದು ಗಿಟಾರ್‌ನಿಂದ. ಬ್ಯಾಂಡಿನಲ್ಲಿ ಮೂವರು ಗಿಟಾರ್‌ನವರಿದ್ದರು, ಬೇಸ್‌ಗೆ ಯಾರೂ ಇರಲಿಲ್ಲ, ಚೀಟಿ ಎತ್ತಿದರೆ ನನ್ನ ಹೆಸರು ಬಂತು. ಬೇಸ್‌ನ ನಾಲ್ಕು ತಂತಿ ಅಂದರೆ ಗಿಟಾರ್‌ನ ದಪ್ಪ ನಾಲ್ಕು ತಂತಿಗಳೇ, ಒಂದು ಸ್ಥಾಯಿ ಕೆಳಗೆ. ದಪ್ಪ 'ಇ' ತಂತಿ ಗಿಟಾರ್‌ನಲ್ಲಿ 82 ಹರ್ಟ್ಜ್, ಬೇಸ್‌ನಲ್ಲಿ 41. ಬೆರಳಿಗೆ ದಾರಿ ಗೊತ್ತು. ಅದೇ ತೊಂದರೆ. ಒಂದು ಭಾಷೆಯವರು ಇನ್ನೊಂದು ಭಾಷೆ ಮಾತಾಡಿದಾಗ ರಾಗ ಮೊದಲಿನದೇ ಉಳಿಯುತ್ತದಲ್ಲ, ಹಾಗೆ ನಾನು ಬೇಸನ್ನು ಗಿಟಾರ್ ರಾಗದಲ್ಲಿ ಮಾತಾಡಿದ್ದೇನೆ. ಆಗ ಡ್ರಮ್ಮರ್ ಎಷ್ಟೋ ಸಲ ಹೇಳಿದ್ದ, "ಮಾರಾಯಾ, ಸ್ವಲ್ಪ ಸುಮ್ನಿರು." ತಮಾಷೆ ಅಂದುಕೊಂಡಿದ್ದೆ.

ವಾರ 4

ಮ್ಯಾಂಡೋಲಿನ್. ನನ್ನ ಮೊದಲ ವಾದ್ಯ. ಹತ್ತು ವರ್ಷದವನಿದ್ದಾಗ ಸೋದರಮಾವ ಕೊಟ್ಟದ್ದು. ಎಂಟು ತಂತಿ, ನಾಲ್ಕು ಜೋಡಿ. ಹಳೇ ತಂತಿಗಳಲ್ಲಿ ಎರಡು ತಿರುಪುವಾಗಲೇ ಪಟ್ ಅಂದವು. ಹೊಸ ಸೆಟ್ ಹಾಕಿದೆ.

ಜೋಡಿ ತಂತಿಯನ್ನು ಶ್ರುತಿ ಮಾಡುವುದು ನನಗೆ ಇವತ್ತಿಗೂ ಇಷ್ಟದ ಕೆಲಸ. ಒಂದು ತಂತಿ 440 ಇದ್ದು ಇನ್ನೊಂದು 442 ಇದ್ದರೆ ಸೆಕೆಂಡಿಗೆ ಎರಡು ಸಲ ಸದ್ದು ಉಬ್ಬಿ ಇಳಿಯುತ್ತದೆ. ವಾಂವ್, ವಾಂವ್. ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಅದು ನಿಧಾನವಾಗುತ್ತದೆ. ವಾಆಂವ್. ಇನ್ನೊಂದು ಚೂರು. ಆಮೇಲೆ ಅಲೆ ನಿಂತುಬಿಡುತ್ತದೆ, ಎರಡು ತಂತಿ ಒಂದಾಗುತ್ತವೆ. ಹತ್ತನೇ ವಯಸ್ಸಿನಲ್ಲಿ ನಾನು ಕಲಿತದ್ದು ಇದೊಂದೇ ಇರಬೇಕು. ಹಾಡು ಕಲಿಯದೆ ತಿಂಗಳುಗಟ್ಟಲೆ ಬಿರಡೆ ತಿರುಗಿಸುತ್ತಾ ಕೂತಿದ್ದೆ.

ಮ್ಯಾಂಡೋಲಿನ್ ಮತ್ತು ಪಿಟೀಲಿನ ತಂತಿಗಳ ಶ್ರುತಿ ಒಂದೇ: ಜಿ, ಡಿ, ಎ, ಇ. ಹನ್ನೆರಡನೇ ವಯಸ್ಸಿನಲ್ಲಿ ಅದನ್ನೇ ನಂಬಿ ಪಿಟೀಲಿಗೆ ಹೋದೆ. ಎಡಗೈ ನಾಲ್ಕೇ ದಿನದಲ್ಲಿ ಹಾಡು ಹಿಡಿಯಿತು, ಬಲಗೈಯ ಕಮಾನು ಒಂದೂವರೆ ವರ್ಷವಾದರೂ ಬಾಗಿಲ ಕೀಲಿನಂತೆ ಕಿರುಗುಟ್ಟುತ್ತಿತ್ತು. ಸ್ವರದ ಜಾಗ ತೋರಿಸುವ ಅಡ್ಡಪಟ್ಟಿ, ಅಂದರೆ ಫ್ರೆಟ್, ಇಲ್ಲದ್ದು ಬೇರೆ. ಬಿಟ್ಟೆ. ಬೇಸರ ಇಲ್ಲ.

ಸೋಲೋ? ಮ್ಯಾಂಡೋಲಿನ್‌ನಲ್ಲಿ ಸ್ವರ ಬೇಗ ಸಾಯುತ್ತದೆ, ಅದಕ್ಕೇ ಒಂದೇ ಸ್ವರವನ್ನು ಪಟಪಟ ಮೀಟುತ್ತಾ ಇರಬೇಕು. ಆರು ಟೇಕ್ ತೆಗೆದುಕೊಂಡೆ. ಹಾಡಿನೊಳಗೆ ಜೇನುಹುಳ ಸಿಕ್ಕಿಹಾಕಿಕೊಂಡಂತಿದೆ. ಬೇಡ.

ವಾರ 5

ಗಿಟಾರ್. ನುಡಿಸಿದೆ, ಚೆನ್ನಾಗೇ ಬಂತು, ಅಳಿಸಿದೆ. 1987ರಲ್ಲಿ ಎಲ್ಲರೂ ನುಡಿಸುತ್ತಿದ್ದ ಸೋಲೋ ಅದು. ಡ್ರಮ್ಸ್ ನಾನು ನುಡಿಸಿದ್ದು ಎಂಟೇ ತಿಂಗಳು, ಅದರ ಬಗ್ಗೆ ಹೇಳುವಂಥದ್ದೇನಿಲ್ಲ.

ವಾರ 6

ಕೀಬೋರ್ಡ್ ಕಾಲ. 25ರಿಂದ 36ರವರೆಗೆ ಡ್ಯಾನ್ಸ್ ಬ್ಯಾಂಡಿನಲ್ಲಿದ್ದೆ. ದುಡ್ಡು ಬಂದದ್ದು ಆ ಬ್ಯಾಂಡಿನಿಂದ ಮಾತ್ರ. ಒಂದು ರಾತ್ರಿಗೆ ನಲವತ್ತು ಹಾಡು, ಯಾವುದೂ ನಮ್ಮದಲ್ಲ.

ಸಿಂಥಸೈಸರ್ ಆನ್ ಮಾಡಿದೆ. ನಾನು ರಾತ್ರಿಯೆಲ್ಲ ಕೂತು ಮಾಡಿದ್ದ ಮೂವತ್ತು ಚಿಲ್ಲರೆ ಸದ್ದುಗಳು ಒಂದೂ ಇಲ್ಲ. ಆ ಕಾಲದ ಸಿಂಥ್‌ಗಳಲ್ಲಿ ನೆನಪು ಉಳಿಸಲು ಒಳಗೆ ಗುಂಡಿಯಷ್ಟು ಸಣ್ಣ ಬ್ಯಾಟರಿ ಇರುತ್ತದೆ. ಅದು ಸತ್ತರೆ ಎಲ್ಲ ಹೋಯಿತು. ಗೊತ್ತಿತ್ತು, ಆದರೂ ಬದಲಿಸಿರಲಿಲ್ಲ. ತಪ್ಪು ನನ್ನದೇ.

ಆದರೆ ಒಂದು ಖುಷಿ. ಹಿಂದಿನ ಐದು ಪಿನ್ನಿನ ಮಿಡಿ (ವಾದ್ಯಗಳೂ ಕಂಪ್ಯೂಟರೂ ಮಾತಾಡಿಕೊಳ್ಳುವ ಭಾಷೆ) ತೂತಿಗೆ ಕೇಬಲ್ ಹಾಕಿ ಲ್ಯಾಪ್‌ಟಾಪ್‌ಗೆ ಜೋಡಿಸಿದರೆ ತಕ್ಷಣ ಮಾತಾಡಿತು. ಮಿಡಿ ಬಂದದ್ದು 1983ರಲ್ಲಿ. ನನ್ನ ಹತ್ತು ವರ್ಷದ ಹಿಂದಿನ ಫೋನಿನ ಚಾರ್ಜರ್ ಇವತ್ತು ಯಾವುದಕ್ಕೂ ಹತ್ತುವುದಿಲ್ಲ. ಇದು ನೋಡಿ!

ಸೋಲೋ ಮತ್ತೆ ಅದೇ ಕತೆ. ಹತ್ತು ಬೆರಳು ಇದ್ದರೆ ಹತ್ತೂ ಒತ್ತುತ್ತೇನೆ.

ನಡುವೆ ಮಿಕ್ಸ್ ಮಾಡುತ್ತಿದ್ದಾಗ ಮಗಳು ಕಿವಿ ಮುಚ್ಚಿಕೊಂಡಳು. ಡ್ರಮ್ಸ್ ಜೊತೆಗಿನ ಜೋಡಿ ತಟ್ಟೆ, ಹೈ-ಹ್ಯಾಟ್, ಚುಚ್ಚುತ್ತಿದೆಯಂತೆ. ನನಗೆ ಇನ್ನೂ ಕಮ್ಮಿ ಅನ್ನಿಸುತ್ತಿತ್ತು. ವರ್ಷಗಟ್ಟಲೆ ಡ್ರಮ್ಮರ್ ಪಕ್ಕ ನಿಂತದ್ದರ ಬಿಲ್ ಇದು. ಜೋರು ಸದ್ದಿಗೆ ಕಿವಿ ಮೊದಲು ಸೋಲುವುದು 4000 ಹರ್ಟ್ಜ್ ಆಸುಪಾಸಿನಲ್ಲಿ. ನನ್ನ ಬಲಗಿವಿ ಅಲ್ಲೇ ಹೋಗಿದೆ. ಇನ್ನು ಮೇಲಿನ ಸದ್ದುಗಳನ್ನೆಲ್ಲ ಅವಳೇ ನೋಡಿಕೊಳ್ಳುತ್ತಾಳೆ.

ವಾರ 8

ಆಲ್ಟೋ ಸ್ಯಾಕ್ಸೋಫೋನ್. 38ನೇ ವಯಸ್ಸಿನಲ್ಲಿ ಜಾಝ್ ಹುಚ್ಚು ಹಿಡಿದು ಕೊಂಡದ್ದು. ಮೊದಲ ಪ್ರಾಕ್ಟೀಸಿಗೆ ಪಿಯಾನೋದವರ ಹಾಳೆ ನೋಡಿಕೊಂಡು ಊದಿದೆ. ನಾಲ್ಕು ಸ್ವರಕ್ಕೇ ಎಲ್ಲರೂ ನಿಲ್ಲಿಸಿ ನನ್ನನ್ನೇ ನೋಡಿದರು. ಆಲ್ಟೋದಲ್ಲಿ 'ಸಿ' ಊದಿದರೆ ಹೊರಗೆ ಬರುವುದು ಇ ಫ್ಲ್ಯಾಟ್. ಪಿಯಾನೋದ ಸಿ ಬೇಕಿದ್ದರೆ ನಾನು 'ಎ' ಊದಬೇಕು. ಇಷ್ಟು ವರ್ಷ ಸಂಗೀತದಲ್ಲಿದ್ದು ಇದು ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲು ಈಗಲೂ ಸ್ವಲ್ಪ ನಾಚಿಕೆ.

ಈ ಸಲ ಜಿ ಶಾರ್ಪ್ ಸ್ವರದ ತೂತು ಮುಚ್ಚುವ ಪ್ಯಾಡ್ ಅಂಟಿಕೊಂಡಿತ್ತು. ಎಂಜಲು ಒಣಗಿ ಹಾಗಾಗುತ್ತದೆ. ತೆಳು ಕಾಗದ ಇಟ್ಟು ಮೆಲ್ಲಗೆ ಒತ್ತಿ ಎಳೆದೆ, ಹಳದಿ ಗೆರೆ ಮೂಡಿತು. ನಾಲ್ಕು ಸಲ ಮಾಡಿದ ಮೇಲೆ ಟಪ್ ಎಂದು ತೆರೆಯಿತು. ಊದಿದೆ. ಟೇಕ್ ಚೆನ್ನಾಗಿದೆ, ಆದರೆ ಆ ಸಣ್ಣ ಹಾಡಿನ ಮುಂದೆ ಎದೆಯುಬ್ಬಿಸಿಕೊಂಡು ನಿಂತ ಹಾಗಿದೆ. ಪಕ್ಕಕ್ಕಿಟ್ಟೆ.

ವಾರ 12

ಕ್ಲಾರಿನೆಟ್. ಎರಡು ವರ್ಷದ ಹಿಂದೆ, 58ರಲ್ಲಿ ಶುರು ಮಾಡಿದ್ದು. ಸ್ಯಾಕ್ಸ್ ಬರುತ್ತದಲ್ಲ, ಇದೇನು ಮಹಾ ಅಂದುಕೊಂಡೆ. ಸ್ಯಾಕ್ಸ್‌ನ ಕೊಳವೆ ತುದಿಯತ್ತ ಅಗಲವಾಗುತ್ತಾ ಹೋಗುತ್ತದೆ, ಹಾಗಾಗಿ ಹಿಂದಿನ ಕೀಲಿ ಒತ್ತಿದರೆ ಅದೇ ಸ್ವರ ಒಂದು ಸ್ಥಾಯಿ ಮೇಲೆ ಬರುತ್ತದೆ. ಕ್ಲಾರಿನೆಟ್‌ನ ಕೊಳವೆ ಹೆಚ್ಚುಕಡಿಮೆ ಒಂದೇ ಅಗಲ. ಅಲ್ಲಿ ಹಿಂದಿನ ಕೀಲಿ ಒತ್ತಿದರೆ ಒಂದು ಸ್ಥಾಯಿ ದಾಟಿ ಇನ್ನೂ ಐದನೇ ಸ್ವರಕ್ಕೆ ಹಾರುತ್ತದೆ. 'ಸ' ಅಂದುಕೊಂಡರೆ ಮೇಲಿನ 'ಪ'. ಸ್ಯಾಕ್ಸ್ ಬೆರಳಿಗೆ ಇದನ್ನು ಅರ್ಥ ಮಾಡಿಸಲು ಆರು ತಿಂಗಳು ಬೇಕಾಯಿತು.

ಅದಕ್ಕಿಂತ ಕಷ್ಟ ನಡುವಿನ ಹೊಳೆ, ಅಂದರೆ ಕೆಳಗಿನ ಸ್ವರಗಳಿಂದ ಮೇಲಿನವಕ್ಕೆ ದಾಟುವ ಜಾಗ. ಎ, ಬಿ ಫ್ಲ್ಯಾಟ್‌ವರೆಗೆ ಒಂದೆರಡು ಬೆರಳು ಸಾಕು, ವಾದ್ಯ ಕೈಯಲ್ಲಿ ಜೋತಾಡುತ್ತಿರುತ್ತದೆ. ಮುಂದಿನ ಸ್ವರ ಬಿ. ಅದಕ್ಕೆ ಇದ್ದಬದ್ದ ಬೆರಳೆಲ್ಲ ಒಟ್ಟಿಗೇ ಇಳಿಯಬೇಕು. ಸ್ಯಾಕ್ಸ್‌ನಲ್ಲಿ ತೂತು ಮುಚ್ಚಲು ಪ್ಯಾಡ್ ಇದೆ, ಇಲ್ಲಿ ಮುಖ್ಯ ತೂತುಗಳಿಗೆ ಬೆರಳ ತುದಿಯೇ ಮುಚ್ಚಳ. ಬಲ ಉಂಗುರ ಬೆರಳು ಎಳ್ಳಷ್ಟು ಸರಿದರೂ 'ಕೀಕ್'.

ಸಾಲದ್ದಕ್ಕೆ ಹಾಡು ಇರುವುದು ಇ ಮೇಜರ್‌ನಲ್ಲಿ, ಗಿಟಾರ್‌ನವರಿಗೆ ಸುಲಭ ಅಂತ. ನನ್ನ ಬಿ ಫ್ಲ್ಯಾಟ್ ಕ್ಲಾರಿನೆಟ್‌ಗೆ ಅದು ಎಫ್ ಶಾರ್ಪ್ ಆಗುತ್ತದೆ, ಆರು ಶಾರ್ಪ್, ಅಂದರೆ ಅರ್ಧ ಸ್ವರ ಏರಿಸಿ ನುಡಿಸಬೇಕಾದವು ಆರು! ಎ ಕ್ಲಾರಿನೆಟ್ ಇದ್ದಿದ್ದರೆ ಜಿ ಮೇಜರ್, ಒಂದೇ ಶಾರ್ಪ್. ನನ್ನ ಹತ್ತಿರ ಇಲ್ಲ, ಇನ್ನೊಂದು ವಾದ್ಯ ಮನೆಗೆ ತಂದರೆ ಹೆಂಡತಿ ನನ್ನನ್ನೇ ಅಟ್ಟಕ್ಕೆ ಹಾಕುತ್ತಾಳೆ.

ಕಷ್ಟವಾದ್ದರಿಂದ ಸ್ವರಗಳನ್ನು ಕಮ್ಮಿ ಮಾಡುತ್ತಾ ಬಂದೆ. ಮೊದಲು ಬರೆದದ್ದರಲ್ಲಿ ತೊಂಬತ್ತು ಸ್ವರ ಇದ್ದವು. ಈಗ ಮೂವತ್ತೊಂದು. ಎರಡು ಬಾರ್ ಪೂರ್ತಿ ಖಾಲಿ. ಆ ಖಾಲಿಯಲ್ಲಿ 22 ವರ್ಷದ ನಾನು ಬೇಸ್ ಹಿಡಿದುಕೊಂಡು ನುಗ್ಗುತ್ತೇನೆ, ಅಲ್ಲಿ ಮಾತ್ರ ಅದು ಚೆನ್ನಾಗಿ ಕೇಳಿಸುತ್ತದೆ.

ಡ್ರಮ್ಮರ್‌ಗೆ ಹದಿನಾಲ್ಕನೇ ಟೇಕ್ ಕಳಿಸಿದ್ದೆ. ಉತ್ತರ ಬಂತು: "ಕ್ಲಾರಿನೆಟ್ ಓಕೆ. ಬೇಸ್ ಜಾಸ್ತಿ ಆಯ್ತು ಕಣೋ."

'ಛೆ, ಇನ್ನೊಂದ್ಸಲ' ಅನ್ನುವುದನ್ನು ಅಳಿಸಿಲ್ಲ. ಒಂಬತ್ತನೇ ಬಾರ್‌ನಲ್ಲಿ ಹೊಳೆ ದಾಟುವಾಗ ಇನ್ನೂ ಕೀಕ್ ಅನ್ನುತ್ತಿದೆ. ಮೂರನೇ ನಂಬರಿನ ರೀಡ್ (ಊದಿದಾಗ ಅದುರುವ ತೆಳು ಪಟ್ಟಿ) ನನ್ನ ತುಟಿಗೆ ಗಟ್ಟಿಯಾಯಿತು ಅನ್ನಿಸುತ್ತದೆ. ಎರಡೂವರೆ ನಂಬರಿನವು ಎರಡು ಉಳಿದಿವೆ, ಶನಿವಾರ ಅವುಗಳಲ್ಲಿ ನೋಡುತ್ತೇನೆ.