ಬೆನ್ನ ಮೇಲೆ ಒಂದು ಕೈ

ಬರ್ಲಿನ್‌ನ ಸ್ಕೇಟಿಂಗ್ ರೇಸಿನಲ್ಲಿ ಆರನೇ ಕಿಲೋಮೀಟರ್ ದಾಟಿದ ಮೇಲೆ ಹಿಂದಿನಿಂದ ಯಾರೋ ನನ್ನ ಬೆನ್ನ ಮೇಲೆ, ಸೊಂಟಕ್ಕಿಂತ ಸ್ವಲ್ಪ ಮೇಲೆ, ಕೈ ಇಟ್ಟರು. ತಳ್ಳಲಿಲ್ಲ, ಹಿಡಿಯಲೂ ಇಲ್ಲ. ಸುಮ್ನೆ ಇಟ್ಟರು, ಅಷ್ಟೇ. ನಾನು ಬೆಚ್ಚಿಬಿದ್ದೆ. ಬಗ್ಗಿದ್ದವಳು ಅರ್ಧ ನೆಟ್ಟಗಾದೆ. ತಕ್ಷಣ ಗಾಳಿ ಎದೆಗೆ ಬಡಿಯಿತು, ವೇಗ ಇಳಿಯಿತು, ಹಿಂದಿದ್ದ ಏಳೆಂಟು ಜನ ಒಬ್ಬರ ಮೇಲೊಬ್ಬರು ಬೀಳುವ ಹಾಗಾಯಿತು. ಯಾರೋ ಜರ್ಮನ್‌ನಲ್ಲಿ ಕೂಗಿದರು. ಆ ಕೈ ಮಾತ್ರ ಅಲ್ಲಿಂದ ಕದಲಲಿಲ್ಲ. ಎರಡು ಸಲ ಮೆಲ್ಲಗೆ ತಟ್ಟಿತು. ಬಗ್ಗು, ಬಗ್ಗು ಅನ್ನುವ ಹಾಗೆ. ನಾನು ಬಗ್ಗಿದೆ.

ಇನ್‌ಲೈನ್ ಸ್ಪೀಡ್ ಸ್ಕೇಟಿಂಗ್‌ನಲ್ಲಿ, ಅಂದರೆ ಒಂದೇ ಸಾಲಿನಲ್ಲಿ ಚಕ್ರಗಳಿರುವ ಸ್ಕೇಟು ಕಟ್ಟಿಕೊಂಡು ಹೋಗುವ ವೇಗದ ಆಟದಲ್ಲಿ, ಅದು ಹೊರದೇಶದಲ್ಲಿ ನನ್ನ ಮೊದಲ ರೇಸ್. ಅಷ್ಟೊತ್ತಿಗೆ ಒಂಬತ್ತು ವರ್ಷ ಅಭ್ಯಾಸ ಮಾಡಿದ್ದೆ. ಹೆಚ್ಚಿನ ದಿನ ಒಬ್ಬಳೇ, ಬೆಳಗಿನ ಜಾವ, ರಸ್ತೆಗೆ ಗಾಡಿಗಳು ಇಳಿಯುವ ಮುಂಚೆ. ಹತ್ತು ಕಿಲೋಮೀಟರ್‌ಗೆ ಎಷ್ಟು ಹೊತ್ತು, ಇಪ್ಪತ್ತಕ್ಕೆ ಎಷ್ಟು, ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಟ್ಟಿದ್ದೆ. ಆದರೆ ಇನ್ನೊಬ್ಬರ ಹಿಂದೆ ಒಂದು ಮೊಳ ದೂರದಲ್ಲಿ ಗಂಟೆಗೆ ಮೂವತ್ತು ಕಿಲೋಮೀಟರ್ ವೇಗದಲ್ಲಿ ಹೇಗೆ ಹೋಗಬೇಕು ಅನ್ನುವುದು ಗೊತ್ತಿರಲಿಲ್ಲ. ಒಬ್ಬಳೇ ಇದ್ದರೆ ಅದನ್ನು ಕಲಿಯುವುದಾದರೂ ಹೇಗೆ? ಹೊರಗೆ ಹೋಗಿ ರೇಸ್ ಮಾಡಬೇಕು ಅಂದುಕೊಂಡವರು ನನ್ನನ್ನು ಯಾವ ವೀಲ್, ಯಾವ ಬೂಟು, ಎಷ್ಟು ಟೈಮಿಂಗ್ ಇರಬೇಕು ಅಂತ ಕೇಳುತ್ತಾರೆ. ಅದನ್ನೂ ಹೇಳುತ್ತೇನೆ. ಆದರೆ ನಾನು ಮೊದಲು ಹೇಳಬೇಕಾದ್ದು ಆ ಕೈಯ ವಿಷಯ.

ಬರ್ಲಿನ್‌ನಲ್ಲಿ ಓಟಗಾರರ ಮ್ಯಾರಥಾನ್ ಭಾನುವಾರ. ಅದರ ಹಿಂದಿನ ದಿನ, ಶನಿವಾರ, ಅದೇ ರಸ್ತೆಯಲ್ಲಿ ಸ್ಕೇಟಿಂಗ್ ಮ್ಯಾರಥಾನ್. ದೂರವೂ ಅಷ್ಟೇ, 42.195 ಕಿಲೋಮೀಟರ್. ಟಿಯರ್‌ಗಾರ್ಟನ್ ಉದ್ಯಾನವನ್ನು ಸೀಳಿಕೊಂಡು ಹೋಗುವ ಅಗಲ ರಸ್ತೆಯಲ್ಲಿ ಶುರು. ಊರೆಲ್ಲ ಸುತ್ತಿ ಬ್ರಾಂಡೆನ್‌ಬರ್ಗ್ ದ್ವಾರದ ಕೆಳಗೆ ಹಾದು ಬಂದರೆ ಮುಕ್ತಾಯ. ಏರು ಅಂತ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಮುಂದಿನ ಸಾಲಿನವರು ಇಷ್ಟು ದೂರವನ್ನು ಸುಮಾರು ಒಂದು ಗಂಟೆಯಲ್ಲಿ ಮುಗಿಸಿಬಿಡುತ್ತಾರೆ. ಅಂದರೆ ಗಂಟೆಗೆ ನಲವತ್ತು ಕಿಲೋಮೀಟರ್ ಮೇಲೆ. ಇಲ್ಲಿ ಮತ್ತೆ ಮತ್ತೆ ಗೆದ್ದಿರುವ ಬೆಲ್ಜಿಯಂನ ಬಾರ್ಟ್ ಸ್ವಿಂಗ್ಸ್ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಮಂಜುಗಡ್ಡೆಯ ಮೇಲಿನ ಮಾಸ್ ಸ್ಟಾರ್ಟ್ (ಎಲ್ಲರೂ ಒಟ್ಟಿಗೆ ಹೊರಡುವ ಸ್ಕೇಟಿಂಗ್ ರೇಸ್) ಚಿನ್ನವನ್ನೂ ಗೆದ್ದವರು. ಚಕ್ರ ಬಿಚ್ಚಿ ಬ್ಲೇಡ್ ಹಾಕಿದರೂ ಅದೇ ಬಗ್ಗು, ಅದೇ ತೊಡೆ, ಅದೇ ಗುಂಪಿನ ಲೆಕ್ಕಾಚಾರ.

ಗುಂಪಿನ ಲೆಕ್ಕಾಚಾರ ಯಾಕೆ ಅಂದರೆ ಗಾಳಿ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಅದನ್ನು ಮೀರಿ ಹೋಗಲು ಬೇಕಾದ ಶಕ್ತಿ ಎಂಟು ಪಟ್ಟು. ಹಾಗಾಗಿ ಎಷ್ಟೇ ಗಟ್ಟಿಗರಾದರೂ ಒಬ್ಬರೇ ಹೋದರೆ ದಣಿಯುತ್ತಾರೆ. ಮುಂದಿರುವವರು ಗಾಳಿ ಸೀಳುತ್ತಾರೆ, ಹಿಂದಿರುವವರು ಆ ಮರೆಯಲ್ಲಿ ಉಸಿರಾಡಿಕೊಳ್ಳುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಮುಂದಿನವರು ಪಕ್ಕಕ್ಕೆ ಸರಿದು ಸಾಲಿನ ಕೊನೆಗೆ ಬರುತ್ತಾರೆ, ಎರಡನೆಯವರು ಮುಂದಾಳಾಗುತ್ತಾರೆ. ಇದನ್ನೇ ಪೇಸ್‌ಲೈನ್ ಅನ್ನುವುದು. ಒಬ್ಬರಿಗೊಬ್ಬರು ಪರಿಚಯ ಇರುವುದಿಲ್ಲ, ಭಾಷೆ ಬೇರೆ. ಆದರೂ ಸಾಲು ನಡೆಯುತ್ತದೆ.

ಇನ್ನು ಕೈ ಯಾಕೆ? ರೇಸಿನ ಸ್ಕೇಟಿಗೆ ಬ್ರೇಕ್ ಇರುವುದಿಲ್ಲ. ಮುಂದಿನವರು ಒಂದು ಚೂರು ನಿಧಾನಿಸಿದರೂ ಹಿಂದಿನವರು ಹೋಗಿ ಗುದ್ದುತ್ತಾರೆ. ಕಣ್ಣಿಗೆ ಅದು ಕಾಣುವಷ್ಟರಲ್ಲಿ ತಡವಾಗಿರುತ್ತದೆ. ಬೆನ್ನ ಮೇಲಿಟ್ಟ ಕೈಗೆ ಮೊದಲೇ ಗೊತ್ತಾಗುತ್ತದೆ. ಮೊಣಕೈ ಮಡಚಿಕೊಳ್ಳುತ್ತದೆ, ಅಷ್ಟರಲ್ಲಿ ನಾವು ಸರಿಹೋಗಿರುತ್ತೇವೆ. ಮುಂದಿನವರು ತಡವರಿಸಿದರೆ ಅದೇ ಕೈ ಆಧಾರ. ಮೊಣಕೈ ಬಿಗಿಯಾಗಿರಬಾರದು. ಕೋಲಿನ ಹಾಗೆ ನೆಟ್ಟಗಿದ್ದರೆ ಅದು ಆಧಾರವಾಗುವ ಬದಲು ನೂಕಾಗಿಬಿಡುತ್ತದೆ.

ಕಾಲಿನದ್ದು ಇನ್ನೊಂದು ಪಾಠ. ನಾವು ಹಿಂದಕ್ಕೆ ಒದೆಯುವುದಿಲ್ಲ, ಪಕ್ಕಕ್ಕೆ ಒತ್ತುತ್ತೇವೆ. ಮುಂದಿನವರ ಎಡಗಾಲು ಹೊರಗೆ ಹೋದಾಗ ನನ್ನ ಎಡಗಾಲೂ ಹೊರಗೆ ಹೋಗಬೇಕು. ಅವರದ್ದು ಎಡ, ನನ್ನದು ಬಲ ಆಯಿತೋ, ಚಕ್ರಕ್ಕೆ ಚಕ್ರ ತಗುಲುತ್ತದೆ, ಇಡೀ ಸಾಲು ನೆಲಕ್ಕೆ. ನಮ್ಮ ಮುಂದಿನ ಗುಂಪಿನಲ್ಲಿ ಹಾಗೇ ಆಯಿತು. ಒಂದು ತಿರುವಿನಲ್ಲಿ ನಾಲ್ಕು ಜನ ಬಿದ್ದರು. ರಸ್ತೆಗೆ ಪ್ಲಾಸ್ಟಿಕ್ ಉಜ್ಜುವ ಶಬ್ದ ಈಗಲೂ ಕಿವಿಯಲ್ಲಿದೆ. ನಮ್ಮ ಸಾಲು ಬಲಕ್ಕೆ ಬಳುಕಿ ಅವರನ್ನು ತಪ್ಪಿಸಿಕೊಂಡಿತು. ಬಳುಕು ಅಂತ ನನಗೆ ಹೇಳಿದ್ದೂ ಬೆನ್ನ ಮೇಲಿನ ಕೈಯೇ.

ಹಿಂದಿನ ರಾತ್ರಿ ಮಳೆ ಬಂದಿತ್ತು. ರಸ್ತೆ ಬಹುಪಾಲು ಒಣಗಿತ್ತು, ಮರಗಳ ನೆರಳಿದ್ದಲ್ಲಿ ಮಾತ್ರ ಒದ್ದೆ. ಬರ್ಲಿನ್ ರಸ್ತೆಯಲ್ಲಿ ಓಟಗಾರರಿಗೆ ಹತ್ತಿರದ ದಾರಿ ತೋರಿಸಲು ಒಂದು ನೀಲಿ ಗೆರೆ ಬಳಿದಿರುತ್ತಾರೆ. ಆ ಗೆರೆಯೇ ನಮಗೂ ಹತ್ತಿರದ ದಾರಿ. ಆದರೆ ಬಣ್ಣ ಒದ್ದೆಯಾದರೆ ಚಕ್ರ ಜಾರುತ್ತದೆ. ಮ್ಯಾನ್‌ಹೋಲ್ ಮುಚ್ಚಳವೂ ಹಾಗೇ. ಗೆರೆ ಬಿಟ್ಟು ಒಂದು ಗೇಣು ಪಕ್ಕದಲ್ಲಿ ಹೋಗಬೇಕು ಅನ್ನುವುದನ್ನು ಮುಂದಿನವರ ಕಾಲು ನೋಡಿ ಕಲಿತೆ.

ಸುಮಾರು 28ನೇ ಕಿಲೋಮೀಟರ್ ಹತ್ತಿರ ವಿಲ್ಡರ್ ಎಬರ್ ಅಂತ ಒಂದು ವೃತ್ತ ಬರುತ್ತದೆ. ಕಾಡುಹಂದಿ ಅಂತ ಅರ್ಥ. ಅಲ್ಲಿ ನನ್ನ ಸರದಿ ಬಂತು. ಮುಂದೆ ಯಾರೂ ಇಲ್ಲ, ಬರೀ ರಸ್ತೆ, ಗಾಳಿ. ಎದೆ ಉರಿಯಿತು. ಒಬ್ಬಳೇ ಅಭ್ಯಾಸ ಮಾಡುವಾಗ ದಿನಾ ಇದೇ ಗಾಳಿಯಲ್ಲಿ ಹೋಗಿದ್ದೇನೆ ಅಲ್ವಾ ಅನ್ನಿಸಿತು. ಆದರೆ ಈ ಸಲ ನನ್ನ ಹಿಂದೆ ಒಂಬತ್ತು ಜನ ನನ್ನ ಮರೆಯಲ್ಲಿದ್ದರು. ಅಷ್ಟು ಚೆನ್ನಾಗಿ ನಾನು ಯಾವತ್ತೂ ಬಗ್ಗಿರಲಿಲ್ಲ. ಕೊನೆಗೆ ಪಾಟ್ಸ್‌ಡಾಮರ್ ಪ್ಲಾಟ್ಸ್ ದಾಟಿದ ಮೇಲೆ ಸಾಲು ಒಡೆಯಿತು. ಎಲ್ಲರೂ ತಮ್ಮ ತಮ್ಮ ಶಕ್ತಿ ಇದ್ದಷ್ಟು. ನನ್ನ ಸಮಯ 1 ಗಂಟೆ 24 ನಿಮಿಷ. ಒಬ್ಬಳೇ ಹೋಗಿದ್ದರೆ ಅಷ್ಟು ಆಗುತ್ತಲೇ ಇರಲಿಲ್ಲ. ಪುಸ್ತಕದಲ್ಲಿ ಅದಕ್ಕೆ ಸಾಕ್ಷಿ ಇದೆ.

ರೇಸ್ ಮುಗಿದ ಮೇಲೆ ಆ ಕೈಯವರನ್ನು ಹುಡುಕಿದೆ. ಮುಖ ನೋಡಿರಲಿಲ್ಲ. ಮುಂದಾಳಾಗಲು ಅವರು ನನ್ನ ಪಕ್ಕದಲ್ಲಿ ಹಾದುಹೋದಾಗ ಗ್ಲೌಸ್ ಮಾತ್ರ ಕಂಡಿತ್ತು. ಬೂದು ಬಣ್ಣದ್ದು, ಹೆಬ್ಬೆರಳಿನ ಹತ್ತಿರ ಕೆಂಪು ದಾರದ ಹೊಲಿಗೆ. ಪದಕ ಕೊಡುವ ಜಾಗದಲ್ಲಿ ಆ ಹೊಲಿಗೆ ಕಂಡಿತು. ಅರವತ್ತು ದಾಟಿದ ಒಬ್ಬ ಫ್ರೆಂಚರು. ನನ್ನ ಮುಖ ಅವರಿಗೂ ಗೊತ್ತಿರಲಿಲ್ಲ. ನಾನು ಬೆನ್ನು ತಿರುಗಿಸಿ ತೋರಿಸಿದ ಮೇಲೆ ಗುರುತು ಸಿಕ್ಕಿತು.

ಈಗ ಸಾಮಾನಿನ ವಿಷಯ. ಎರಡನೇ ಪ್ರಯಾಣದಲ್ಲಿ ಕಲಿತದ್ದು. ದಕ್ಷಿಣ ಜರ್ಮನಿಯ ಗೈಸಿಂಗೆನ್ ಅನ್ನುವ ಪುಟ್ಟ ಊರಿನಲ್ಲಿ ಸೂರಿನಡಿ 200 ಮೀಟರ್ ಟ್ರ್ಯಾಕ್ ಇದೆ. ತಿರುವುಗಳು ಬಾಣಲೆಯ ಅಂಚಿನ ಹಾಗೆ ಮೇಲೆದ್ದಿರುತ್ತವೆ. ಅಲ್ಲಿಗೆ ಹೊರಟಾಗ ಬೂಟು ಮತ್ತು ಚಕ್ರ ಕೂರಿಸುವ ಫ್ರೇಮ್ ಕೈಚೀಲದಲ್ಲಿಟ್ಟುಕೊಂಡೆ, ಟ್ರ್ಯಾಕ್ ವೀಲ್‌ಗಳನ್ನೂ ಸ್ಪ್ಯಾನರನ್ನೂ ದೊಡ್ಡ ಬ್ಯಾಗಿಗೆ ಹಾಕಿದೆ. ಬ್ಯಾಗು ಎರಡು ದಿನ ತಡವಾಗಿ ಬಂತು. ವಿಮಾನ ಕಂಪನಿಯ ಕೌಂಟರಿನಲ್ಲಿ ಒಂದು ಚೀಟಿ ಕೊಟ್ಟು ಕಳಿಸಿದರು. ನನ್ನ ಕೈಯಲ್ಲಿ ಇದ್ದದ್ದು ಸವೆದ ರಸ್ತೆ ವೀಲ್ ಮಾತ್ರ. ತುಂಬಾ ಸಿಟ್ಟು ಬಂದಿತ್ತು. ತಿಂಗಳುಗಟ್ಟಲೆ ತಯಾರಿ ಮಾಡಿ ಬಂದವರಿಗೆ ಒಂದು ಚೀಟಿ ಯಾವ ಸಮಾಧಾನ ಕೊಡುತ್ತದೆ?

ಪಕ್ಕದ ಬೆಂಚಿನಲ್ಲಿ ಒಬ್ಬ ಡಚ್ ಹೆಂಗಸು ಇದ್ದರು, ನನ್ನದೇ ಮಾಸ್ಟರ್ಸ್ (ಹಿರಿಯ ವಯಸ್ಸಿನವರ) ವಿಭಾಗ, ಅಂದರೆ ನನ್ನ ಎದುರಾಳಿ. ನನ್ನ ವೀಲ್ ಒಂದನ್ನು ಎತ್ತಿಕೊಂಡು ಅಂಚನ್ನು ಹೆಬ್ಬೆರಳಿನಿಂದ ಸವರಿದರು. ಒಳಬದಿ ಸವೆದು ಓರೆಯಾಗಿತ್ತು. ಪಕ್ಕಕ್ಕೆ ಒತ್ತಿ ಒತ್ತಿ ಒಳಬದಿಯೇ ಬೇಗ ಸವೆಯುವುದು. ತಲೆ ಅಲ್ಲಾಡಿಸಿದರು. ತಮ್ಮ ಪೆಟ್ಟಿಗೆಯಿಂದ 110 ಮಿಲಿಮೀಟರಿನ ಎಂಟು ವೀಲ್ ತೆಗೆದು ನನ್ನ ಮುಂದೆ ಸಾಲಾಗಿ ಇಟ್ಟರು. ಬೇರಿಂಗ್ ಕೂಡ ಅವರದ್ದೇ. ಒಂದು ವೀಲಿಗೆ ಎರಡರಂತೆ ಹದಿನಾರು. ಒಂದೊಂದನ್ನೂ ಬೆರಳಿಗೆ ಸಿಕ್ಕಿಸಿ ತಿರುಗಿಸಿ, ಕಿವಿಯ ಹತ್ತಿರ ಹಿಡಿದು ಕೇಳಿದರು. ಕರಕರ ಅಂದದ್ದನ್ನು ಬದಿಗಿಟ್ಟರು. ಸದ್ದಿಲ್ಲದೆ ತಿರುಗಿದ್ದನ್ನು ನನಗೆ ಕೊಟ್ಟರು. ಇವತ್ತಿಗೂ ರೇಸಿನ ಹಿಂದಿನ ರಾತ್ರಿ ನಾನು ಟವೆಲ್ ಮೇಲೆ ಬೇರಿಂಗ್ ಹರಡಿಕೊಂಡು ಹಾಗೇ ಕೇಳುತ್ತೇನೆ.

ವೀಲ್ ವಿಷಯದಲ್ಲಿ ನನ್ನ ಅಭಿಪ್ರಾಯ ಇಷ್ಟು. ರಸ್ತೆ ಮ್ಯಾರಥಾನ್‌ಗೆ ಮೂರು ಚಕ್ರದ 125 ಮಿಲಿಮೀಟರ್, ಟ್ರ್ಯಾಕಿಗೆ ನಾಲ್ಕು ಚಕ್ರದ 110. ಗಡಸು ವೀಲ್ ನುಣುಪು ನೆಲದಲ್ಲಿ ಚೆನ್ನಾಗಿ ಉರುಳುತ್ತದೆ, ಮೆತ್ತನೆಯದು ಒರಟು ಅಥವಾ ಒದ್ದೆ ನೆಲದಲ್ಲಿ ಹಿಡಿತ ಕೊಡುತ್ತದೆ. ಮೊದಲು ಅಲ್ಲಿನ ನೆಲವನ್ನು ಅಂಗೈಯಿಂದ ಮುಟ್ಟಿ ನೋಡಿ, ಆಮೇಲೆ ವೀಲ್ ಆರಿಸಿ. ಒದ್ದೆ ರಸ್ತೆಯಲ್ಲಿ ಹೋಗಿ ಬಂದರೆ ಬೇರಿಂಗನ್ನು ಅವತ್ತೇ ಒಣಗಿಸಿ ಎಣ್ಣೆ ಬಿಡಿ. ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ತುಕ್ಕು ಹಿಡಿಯುತ್ತದೆ. ಬೂಟನ್ನು ಮಾತ್ರ ಯಾವ ಕಾರಣಕ್ಕೂ ದೊಡ್ಡ ಬ್ಯಾಗಿಗೆ ಹಾಕಬೇಡಿ. ವೀಲ್ ಸಾಲ ಸಿಗುತ್ತದೆ. ನಮ್ಮ ಪಾದದ ಅಚ್ಚಿಗೆ ಕೂತ ಬೂಟು ಸಿಗುವುದಿಲ್ಲ.

ಗೈಸಿಂಗೆನ್‌ನಲ್ಲಿ ನಾನು ಇಳಿದದ್ದು ಎಲಿಮಿನೇಶನ್ ರೇಸಿಗೆ. ಗಂಟೆ ಬಾರಿಸಿದ ಸುತ್ತಿನಲ್ಲಿ ಕೊನೆಗೆ ಗೆರೆ ದಾಟಿದವರು ಹೊರಗೆ. ಹೀಗೆ ಒಬ್ಬೊಬ್ಬರೇ ಕಳಚುತ್ತಾರೆ. ಇಲ್ಲಿ ಗುಂಪಿನ ಹಿಂದೆ ಆರಾಮಾಗಿ ಇರುವುದೇ ಅಪಾಯ. ಹಾಗಂತ ಸದಾ ಮುಂದೆ ಇದ್ದರೆ ಗಾಳಿ ತಿನ್ನುತ್ತದೆ. ಎರಡನೇ, ಮೂರನೇ ಜಾಗ ಒಳ್ಳೆಯದು, ಆದರೆ ಅದು ಎಲ್ಲರಿಗೂ ಬೇಕು. ಐದು ಜನ ಹೊರಗೆ ಹೋಗುವವರೆಗೆ ಉಳಿದುಕೊಂಡೆ. ಆರನೇ ಸಲ ಗಂಟೆ ಬಾರಿಸಿದಾಗ ನನ್ನ ಸರದಿ. ಇಬ್ಬರ ನಡುವೆ ಸಿಕ್ಕಿಕೊಂಡು, ಗೆರೆ ದಾಟುವುದು ಒಂದು ಕ್ಷಣ ತಡವಾಯಿತು. ಇಲ್ಲಿ ಲೆಕ್ಕಕ್ಕೆ ಬರುವುದು ಎದೆ ಅಲ್ಲ, ಸ್ಕೇಟು.

ಆ ಒಂದು ಕ್ಷಣದ ಬೆಲೆ ಎಷ್ಟು ಅಂತ ತಿಳಿಯಬೇಕಾದರೆ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ 3000 ಮೀಟರ್ ಪುರುಷರ ರಿಲೇ ನೋಡಬೇಕು. 2023ರ ಅಕ್ಟೋಬರ್ 2. ಕೊರಿಯಾದ ಜಂಗ್ ಚೋಲ್ ವೊನ್ ಮುಂದಿದ್ದರು. ಗೆರೆ ಬರುವ ಮುಂಚೆಯೇ ಗೆದ್ದೆವು ಅಂತ ನೆಟ್ಟಗಾಗಿ ಎರಡೂ ಕೈ ಎತ್ತಿದರು. ಹಿಂದಿದ್ದ ತೈವಾನ್‌ನ ಹುವಾಂಗ್ ಯು ಲಿನ್ ಕಾಲನ್ನು ಗೆರೆಗೆ ಚಾಚಿದರು. ವ್ಯತ್ಯಾಸ 0.01 ಸೆಕೆಂಡ್. ಚಿನ್ನ ತೈವಾನ್‌ಗೆ. ಅದೇ ರೇಸಿನಲ್ಲಿ ಕಂಚು ಬಂದದ್ದು ಭಾರತದ ನಾಲ್ವರಿಗೆ. ಅವರಲ್ಲಿ ಒಬ್ಬರಾದ ಆನಂದಕುಮಾರ್ ವೇಲ್ಕುಮಾರ್ 2025ರಲ್ಲಿ ಚೀನಾದ ಬೈದೈಹೆಯಲ್ಲಿ 1000 ಮೀಟರ್ ವಿಶ್ವ ಚಾಂಪಿಯನ್ ಆದರು. ಆ ಸುದ್ದಿ ಓದಿದ ದಿನ ನನಗೆ ಕಣ್ಣು ತುಂಬಿ ಬಂತು. ಜಂಗ್ ಅವರ ಬಗ್ಗೆಯೂ ಮರುಕ ಇದೆ. ಅಷ್ಟು ದೂರ ಅಷ್ಟು ಚೆನ್ನಾಗಿ ಬಂದಿದ್ದರು. ಕಾಲು ಚಾಚುವುದನ್ನು ನಾನು ಈಗ ದಿನಾ ಅಭ್ಯಾಸ ಮಾಡುತ್ತೇನೆ. ಒಂದು ಗೆರೆ ಎಳೆದು ಇಪ್ಪತ್ತು ಸಲ.

ಬೂದು ಗ್ಲೌಸಿನವರು ಮರುವರ್ಷ ಒಂದು ಸಂದೇಶ ಕಳಿಸಿದರು. ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆ ರೇಸಿಗೆ ಅವರ ಹತ್ತು ಜನರ ತಂಡದಲ್ಲಿ ಒಂದು ಜಾಗ ಖಾಲಿ ಇದೆ, ಬರುತ್ತೀರಾ ಅಂತ. ಕೇಳಿದ ಕೂಡಲೇ ಹೂಂ ಅಂದೆ. ಅದು ಬುಗಾಟಿ ಸರ್ಕಿಟ್, ಮೋಟಾರ್ ರೇಸಿನ ಜಾಗ. ಒಂದು ಸುತ್ತಿಗೆ 4 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಶುರುವಾಗುವಾಗ ಸ್ಕೇಟು ಟ್ರ್ಯಾಕಿನ ಒಂದು ಬದಿಯಲ್ಲಿ, ನಾವು ಇನ್ನೊಂದು ಬದಿಯಲ್ಲಿ. ಸಂಕೇತ ಕೊಟ್ಟ ಕೂಡಲೇ ಸಾಕ್ಸ್‌ನಲ್ಲಿ ಓಡಿ ಹೋಗಿ ಸ್ಕೇಟು ಕಟ್ಟಿಕೊಂಡು ಹೊರಡಬೇಕು. ಹೊರಟ ಸ್ವಲ್ಪ ಹೊತ್ತಿಗೇ ಡನ್‌ಲಪ್ ಸೇತುವೆಯ ಕಡೆಗೆ ಏರು. ಮೊದಲ ಸುತ್ತಿನಲ್ಲಿ ಅದು ಸಣ್ಣದು ಅನ್ನಿಸುತ್ತದೆ. ರಾತ್ರಿ ಅದೇ ಏರು ಮುಗಿಯುವುದೇ ಇಲ್ಲ. ಬೆಳಗಿನ ಜಾವ ಮೂರು ಗಂಟೆಗೆ ನನ್ನ ಪಾಳಿ ಇತ್ತು. ಟ್ರ್ಯಾಕಿನ ಪಕ್ಕ ತಂಡಗಳು ತಂಗುವ ಪಿಟ್ಟಿನಲ್ಲಿ ಚಾಪೆ ಮೇಲೆ ಮಲಗಿದ್ದೆ. ಹೆಗಲ ಮೇಲೆ ಎರಡು ಸಲ ಮೆಲ್ಲಗೆ ತಟ್ಟಿದ್ದು ಗೊತ್ತಾಯಿತು. ಕಣ್ಣು ಬಿಡುವ ಮೊದಲೇ ಯಾರು ಅಂತ ತಿಳಿಯಿತು.

ಆ ಹೊತ್ತಿನಲ್ಲಿ ಟ್ರ್ಯಾಕಿನಲ್ಲಿ ಮಾತಿಲ್ಲ. ನೂರಾರು ಚಕ್ರಗಳ ಒಂದೇ ಸಮನೆ ಸದ್ದು ಮಾತ್ರ. ಬೇರೆ ಬೇರೆ ತಂಡದವರು ಒಂದು ಸಾಲಾಗಿ ಹೋಗುತ್ತಿದ್ದರು. ನಾನು ಕೊನೆಯಲ್ಲಿ ಸೇರಿಕೊಂಡೆ. ಮುಂದಿನ ಬೆನ್ನು ಯಾರದ್ದೋ, ಕೈ ಇಟ್ಟೆ. ಅವರು ಬೆಚ್ಚಲಿಲ್ಲ.

ಮನೆಗೆ ಬಂದ ಮೇಲೆ ಮಾಡಿದ ಮೊದಲ ಕೆಲಸ ಜೊತೆಗಾರರನ್ನು ಹುಡುಕಿದ್ದು. ಇಬ್ಬರು ಸಿಕ್ಕಿದರು. ಒಬ್ಬರು ನನಗಿಂತ ವೇಗ, ಇನ್ನೊಬ್ಬಳು ಹತ್ತೊಂಬತ್ತರ ಹುಡುಗಿ, ಈಗಷ್ಟೇ ಕಲಿಯುತ್ತಿರುವವಳು. ಮೊದಲ ತಿಂಗಳು ಗಂಟೆಗೆ ಹದಿನೈದು ಕಿಲೋಮೀಟರ್ ಮೀರಲಿಲ್ಲ. ಬರೀ ಕಾಲಿಗೆ ಕಾಲು ಕೂಡಿಸುವುದು, ಕೈ ಇಡುವುದು, ಪಕ್ಕಕ್ಕೆ ಸರಿದು ಹಿಂದೆ ಬರುವುದು. ಹುಡುಗಿಯ ಮೊಣಕೈ ಇನ್ನೂ ಸ್ವಲ್ಪ ಬಿಗಿ. ಕಳೆದ ಭಾನುವಾರ ಹದಿನೆಂಟು ಕಿಲೋಮೀಟರ್ ಒಂದೇ ಸಾಲಿನಲ್ಲಿ ಹೋದೆವು. ಒಮ್ಮೆಯೂ ಚಕ್ರ ತಗುಲಲಿಲ್ಲ. ಮೂವರೂ ಬರ್ಲಿನ್‌ಗೆ ಹೆಸರು ಕೊಟ್ಟಿದ್ದೇವೆ.