ಅಷ್ಟು ದುಡ್ಡಿಗೆ ಫೈವ್ ಸ್ಟಾರೇ ಸಿಗುತ್ತಲ್ಲ?

ಹಳೆ ದೆಹಲಿಯ ಒಂದು ಹವೇಲಿಯಲ್ಲಿ, ಅಂದರೆ ಹಳೆ ಕಾಲದ ದೊಡ್ಡ ಮನೆಯಲ್ಲಿ, ನಡೆಸುವ ಬೂಟೀಕ್ ಹೋಟೆಲ್ಲಿನಲ್ಲಿ ಎರಡು ರಾತ್ರಿ ಇದ್ದು ಬಂದೆ ಅಂದ ಕೂಡಲೇ ಎಲ್ಲರೂ ಕೇಳುವುದು ಇದೊಂದೇ ಪ್ರಶ್ನೆ. ಆಫೀಸಿನಲ್ಲಿ ಕೇಳಿದರು, ಮದುವೆ ಮನೆಯಲ್ಲಿ ಕೇಳಿದರು. ಅತ್ತಿಗೆಯಂತೂ ಫೋನ್ ಮಾಡಿದಾಗಲೆಲ್ಲ ಕೇಳುತ್ತಾರೆ. "ಒಂದು ರಾತ್ರಿಗೆ ಹನ್ನೊಂದು ಸಾವಿರಾನಾ? ಅಷ್ಟಕ್ಕೆ ಈಜುಕೊಳ ಇರೋ ಫೈವ್ ಸ್ಟಾರೇ ಸಿಗ್ತಿತ್ತಲ್ಲೇ!" ನಿಜ ಹೇಳಬೇಕಂದರೆ ಹನ್ನೊಂದಲ್ಲ, ಜಿಎಸ್‌ಟಿ ಸೇರಿ 12,980. ದಿನಕ್ಕೆ 7,500 ದಾಟಿದ ರೂಮಿಗೆ ಶೇಕಡಾ 18 ತೆರಿಗೆ ಬೀಳುತ್ತದೆ. ಇದನ್ನು ಅತ್ತಿಗೆಗೆ ಇನ್ನೂ ಹೇಳಿಲ್ಲ.

ಅವರ ಇನ್ನೊಂದು ಅನುಮಾನ ಹೆಸರಿನದು. "ಬೂಟೀಕ್ ಅಂದ್ರೆ ಬ್ಲೌಸ್ ಹೊಲಿಯೋ ಅಂಗಡಿ ಅಲ್ವಾ?" ನಗಬೇಡಿ, ಅವರು ಹೇಳಿದ್ದರಲ್ಲಿ ಅರ್ಧ ಸರಿಯೇ ಇದೆ. 1984ರಲ್ಲಿ ನ್ಯೂಯಾರ್ಕಿನಲ್ಲಿ ಮಾರ್ಗನ್ಸ್ ಅನ್ನುವ ಹೋಟೆಲ್ ಶುರುವಾಯಿತು. ಅದರ ಮಾಲೀಕರಲ್ಲಿ ಒಬ್ಬರಾದ ಸ್ಟೀವ್ ರುಬೆಲ್, ದೊಡ್ಡ ಹೋಟೆಲ್ಲುಗಳೆಲ್ಲ ಎಲ್ಲವನ್ನೂ ಮಾರುವ ಭಾರಿ ಅಂಗಡಿಗಳ ಹಾಗೆ, ನಮ್ಮದು ಆಯ್ದ ಬಟ್ಟೆಬರೆ ಮಾರುವ ಚಿಕ್ಕ ಅಂಗಡಿಯ, ಅಂದರೆ ಬೂಟೀಕಿನ ಹಾಗೆ ಅಂದರಂತೆ. ಆ ಹೋಲಿಕೆಯೇ ಹೆಸರಾಗಿ ನಿಂತುಬಿಟ್ಟಿತು. ಈಗ ಬೆಂಗಳೂರಿನಲ್ಲಿ ಗೋಡೆಗೆ ಎರಡು ಬಣ್ಣ ಬಳಿದ ಲಾಡ್ಜೂ ಬೂಟೀಕ್ ಹೋಟೆಲ್ಲೇ. ಹೆರಿಟೇಜ್ ಹೋಟೆಲ್ ಅನ್ನುವ ಸರ್ಕಾರಿ ದರ್ಜೆ ಬೇಕಂದರೆ ಕಟ್ಟಡ 1950ಕ್ಕಿಂತ ಹಳೆಯದಾಗಿರಬೇಕು. ಬೂಟೀಕ್ ಆಗಲು ಬೋರ್ಡ್ ಬರೆಸಿದರೆ ಸಾಕು.

ಸರಿ, ನನ್ನ ಉತ್ತರ. ನಾನು ದುಡ್ಡು ಕೊಟ್ಟಿದ್ದು ರೂಮಿಗಲ್ಲ, ಗಲ್ಲಿಗೆ.

ಫೈವ್ ಸ್ಟಾರ್ ಕಟ್ಟಲು ಎಕರೆಗಟ್ಟಲೆ ಜಾಗ ಬೇಕು, ಕಾರು ಬಂದು ನಿಲ್ಲುವ ಪೋರ್ಟಿಕೋ ಬೇಕು. ಅದು ಜಾಮಾ ಮಸೀದಿಯ ಹಿಂದಿನ ಗಲ್ಲಿಗಳಿಗೆ ಬರಲಾರದು. ಚಾಂದನಿ ಚೌಕದ ಮುಖ್ಯ ರಸ್ತೆಯಲ್ಲೇ ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಕಾರು ಬಿಡುವುದಿಲ್ಲ. ಒಳಗಲ್ಲಿಗಳಲ್ಲಿ ಎದುರಿಗೆ ಸೈಕಲ್ ರಿಕ್ಷಾ ಬಂದರೆ ನಾವು ಯಾವುದಾದರೂ ಅಂಗಡಿಯ ಮೆಟ್ಟಿಲು ಹತ್ತಿ ನಿಲ್ಲಬೇಕು. ನಾನು ಜಾಮಾ ಮಸೀದಿ ಮೆಟ್ರೋ ಸ್ಟೇಷನ್ನಿನಲ್ಲಿ ಇಳಿದೆ. ಹೋಟೆಲ್ಲಿನ ಹುಡುಗ ತಳ್ಳುಗಾಡಿ ತಂದಿದ್ದ. ನನ್ನ ಸೂಟ್‌ಕೇಸು ಅದರ ಮೇಲೆ ಮಹಾರಾಜನಂತೆ ಮುಂದೆ ಹೋಯಿತು, ನಾನು ತಲೆ ಮೇಲಿನ ಕರೆಂಟು ವೈರುಗಳ ಗೋಜಲು ನೋಡುತ್ತಾ ಹಿಂದೆ ನಡೆದೆ. ಕೊನೆಗೆ ಒಂದು ಮರದ ಬಾಗಿಲು. ಅದನ್ನು ದಾಟಿದರೆ ಬೀದಿಯ ಸದ್ದು ಪಕ್ಕನೆ ನಿಂತುಹೋಯಿತು.

ಒಳಗೆ ನಮ್ಮ ಅಜ್ಜಿಯ ತೊಟ್ಟಿ ಮನೆಯೇ ಇತ್ತು! ಅವರು ಚೌಕ ಅನ್ನುತ್ತಾರೆ, ನಾವು ತೊಟ್ಟಿ ಅನ್ನುತ್ತೇವೆ. ನಡುವೆ ಬಯಲು, ಸುತ್ತ ಕಂಬ, ಕಂಬದ ಹಿಂದೆ ಕೋಣೆಗಳು. ಗಲ್ಲಿಯ ಕಡೆಗೆ ಕಿಟಕಿ ಕಡಿಮೆ, ಬೆಳಕು ಗಾಳಿ ಎಲ್ಲ ಮೇಲಿಂದಲೇ ಇಳಿಯಬೇಕು. ನಮ್ಮದಕ್ಕೆ ಹೆಂಚು, ಒಂದೇ ಅಂತಸ್ತು, ಮಳೆ ನೀರು ನೇರ ತೊಟ್ಟಿಗೇ ಬೀಳುತ್ತಿತ್ತು. ಅವರದು ಮೂರು ಅಂತಸ್ತು, ಮೇಲೆ ತಾರಸಿ. ಗೋಡೆಗೆ ಲಖೋರಿ ಅನ್ನುವ ತೆಳ್ಳನೆ ಇಟ್ಟಿಗೆ, ಸುಣ್ಣಕ್ಕೆ ಇಟ್ಟಿಗೆ ಪುಡಿ ಕಲಸಿದ ಗಾರೆ. ಇಂಥ ಮನೆಗಳನ್ನು ಮತ್ತೆ ನಿಲ್ಲಿಸುವುದು ಹುಡುಗಾಟವಲ್ಲ. ಈ ಭಾಗದಲ್ಲಿ ಎಲ್ಲರಿಗೂ ಗೊತ್ತಿರುವುದು ಹವೇಲಿ ಧರಂಪುರಾ. 1887ರ ಮನೆ ಅದು. ಕೇಂದ್ರ ಸಚಿವರಾಗಿದ್ದ ವಿಜಯ್ ಗೋಯಲ್ ಅವರ ಕುಟುಂಬ ಸುಮಾರು ಆರು ವರ್ಷ ದುರಸ್ತಿ ಮಾಡಿಸಿ 2016ರಲ್ಲಿ ಹೋಟೆಲ್ ಮಾಡಿತು. ಅಷ್ಟು ಮಾಡಿಯೂ ಅಲ್ಲಿ ಹದಿನೈದು ರೂಮೂ ಇಲ್ಲ. ಬಾಡಿಗೆ ಜಾಸ್ತಿ ಯಾಕೆ ಅನ್ನುವುದಕ್ಕೆ ಬೇರೆ ಲೆಕ್ಕ ಬೇಕಾಗಿಲ್ಲ.

ನಾನು ಉಳಿದಿದ್ದು ಬೇರೆ ಕಡೆ. ಅದರ ಹೆಸರು ಬೇಡ, ಯಾಕಂದರೆ ಈಗ ದೂರು ಹೇಳಲಿದ್ದೇನೆ.

ತೊಟ್ಟಿ ಮನೆಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಅಜ್ಜಿ ಮನೆಯಲ್ಲಿ ಹಿತ್ತಲ ಕೋಣೆಯಲ್ಲಿ ಪಿಸುಗುಟ್ಟಿದ್ದು ಜಗಲಿಗೆ ಕೇಳುತ್ತಿತ್ತು, ಇಲ್ಲೂ ಅದೇ ಕಥೆ. ಮೇಲಿನ ಅಂತಸ್ತಿನ ಯಜಮಾನರೊಬ್ಬರು ರಾತ್ರಿ ಹತ್ತೂವರೆಗೆ ತಮ್ಮ ಫ್ಲಾಟಿನ ಸಾಲದ ಬಗ್ಗೆ ಫೋನಿನಲ್ಲಿ ಜಗಳವಾಡಿದರು. ಬಡ್ಡಿ ಎಷ್ಟು ಅನ್ನುವುದು ಇಡೀ ಹೋಟೆಲ್ಲಿಗೆ ಗೊತ್ತಾಯಿತು. ನನ್ನ ರೂಮಿನ ಒಂದೇ ಕಿಟಕಿ ಆ ಚೌಕಕ್ಕೇ ತೆರೆಯುತ್ತಿತ್ತು. ಬುಕ್ ಮಾಡುವಾಗ ತೋರಿಸಿದ್ದ ಫೋಟೋದಲ್ಲಿ ಝರೋಕಾ, ಅಂದರೆ ಗೋಡೆಯಿಂದ ಹೊರಚಾಚಿದ ಕಿಟಕಿ, ಇತ್ತು, ಅದು ಪಕ್ಕದ ರೂಮಿನದಂತೆ. ಬಚ್ಚಲಿನಲ್ಲಿ ತಿರುಗಿದರೆ ಮೊಣಕೈ ಗೋಡೆಗೆ ತಾಗುತ್ತಿತ್ತು. ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದು.

ಇನ್ನು ಉಪಚಾರ. ಚಿಕ್ಕ ಹೋಟೆಲ್ಲಿನಲ್ಲಿ ಹೆಸರು ಹಿಡಿದು ಮಾತಾಡಿಸುತ್ತಾರೆ, ನಿಮ್ಮ ಇಷ್ಟ ನೆನಪಿಟ್ಟುಕೊಳ್ಳುತ್ತಾರೆ ಅಂತ ಹೊಗಳುವವರು ಅದರ ಇನ್ನೊಂದು ಮಗ್ಗುಲನ್ನು ಹೇಳುವುದಿಲ್ಲ. ಮೊದಲ ದಿನ ಬೆಳಿಗ್ಗೆ ಬೇಡ್ಮಿ ಪೂರಿ ಕೊಟ್ಟರು. ಉದ್ದಿನ ಬೇಳೆ ತರಿತರಿಯಾಗಿ ರುಬ್ಬಿ ಹಾಕಿದ ಪೂರಿ, ಜೊತೆಗೆ ಖಾರದ ಆಲೂಗಡ್ಡೆ ಪಲ್ಯ. ಚೆನ್ನಾಗಿದೆ ಅಂದೆ. ಅಂದದ್ದೇ ತಪ್ಪಾಯಿತು! ಮರುದಿನ ಬೆಳಿಗ್ಗೆಯೂ ಅದೇ, ಹೊರಡುವಾಗ ದಾರಿಗೆ ಕಟ್ಟಿಕೊಟ್ಟಿದ್ದೂ ಅದೇ. ಬೇಡ ಅನ್ನಲು ಬಾಯಿ ಬರಲಿಲ್ಲ. ದೊಡ್ಡ ಹೋಟೆಲ್ಲಿನಲ್ಲಾದರೆ ನಾನು ರೂಮ್ ನಂಬರು ಮಾತ್ರ. ತಟ್ಟೆ ಹಿಡಿದು ಇಡ್ಲಿ ಕಡೆಗೆ ಹೋಗಿಬಿಡಬಹುದು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಇಲ್ಲಿ ನಾವು ನೆಂಟರು. ನೆಂಟರಿಗೆ ಸ್ವಲ್ಪ ಸಂಕೋಚ ಇದ್ದದ್ದೇ.

ಹಾಗಾದರೆ ಮತ್ತೆ ಹೋಗ್ತೀರಾ ಅಂದರೆ, ಹೋಗುತ್ತೇನೆ. ತಾರಸಿಗಾಗಿ. ಎರಡನೇ ದಿನ ನಸುಕಿನಲ್ಲಿ ಆಜಾನ್ ಕೂಗಿಗೆ ಎಚ್ಚರವಾಯಿತು. ಮತ್ತೆ ನಿದ್ದೆ ಬರಲಿಲ್ಲ, ಶಾಲು ಹೊದ್ದು ಮೇಲೆ ಹೋದೆ. ಫೆಬ್ರವರಿಯ ಚಳಿ. ಬೆಳಕು ಹರಿಯುತ್ತಿದ್ದ ಹಾಗೆ 1656ರಲ್ಲಿ ಮುಗಿದ ಜಾಮಾ ಮಸೀದಿಯ ಗುಮ್ಮಟಗಳು ಮಂಜಿನಿಂದ ಒಂದೊಂದಾಗಿ ಎದ್ದವು. ಪಕ್ಕದ ತಾರಸಿಯಲ್ಲಿ ಒಬ್ಬ ಮುದುಕ ಸಿಳ್ಳೆ ಹೊಡೆದು ಪಾರಿವಾಳ ಹಾರಿಸಿದ. ಹಿಂಡು ಒಂದು ಸುತ್ತು ಹಾಕಿತು, ಎರಡು ಸುತ್ತು ಹಾಕಿತು, ಅವನ ಸಿಳ್ಳೆಗೆ ತಿರುಗಿ ಇಳಿಯಿತು. ಅವನು ನನ್ನ ಕಡೆ ನೋಡಲೂ ಇಲ್ಲ. ಕೆಳಗೆ ಯಾರೋ ಅಂಗಡಿ ಮುಂದೆ ನೀರು ಚಿಮುಕಿಸುತ್ತಿದ್ದರು. ಏಳು ಗಂಟೆಗೆ ಇಳಿದುಹೋಗಿ ದೌಲತ್ ಕಿ ಚಾಟ್ ತಿಂದೆ. ಚಳಿಗಾಲದಲ್ಲಷ್ಟೇ ಸಿಗುವ ಹಾಲಿನ ನೊರೆ ಅದು. ನಾಲಿಗೆ ಮೇಲೆ ಇಟ್ಟರೆ ಸಿಹಿ ಮಾತ್ರ ಉಳಿಯುತ್ತದೆ. ಎಲ್ಲೋ ವಿಮಾನ ನಿಲ್ದಾಣದ ಪಕ್ಕ, ದೊಡ್ಡ ಹೋಟೆಲ್ಲುಗಳಿರುವ ಏರೋಸಿಟಿಯಲ್ಲಿ ಮಲಗಿದ್ದರೆ ಇಷ್ಟು ಹೊತ್ತಿಗೆ ಇಲ್ಲಿರಲು ಆಗುತ್ತಿತ್ತಾ?

ಆದರೆ ಎರಡು ರಾತ್ರಿ ಸಾಕು. ಮೂರನೆಯದಕ್ಕೆ ಬಾಗಿಲು ಹಾಕಿಕೊಂಡು ಸುಮ್ನೆ ಬಿದ್ದುಕೊಳ್ಳೋಣ ಅನ್ನಿಸುತ್ತದೆ, ಅದಕ್ಕೆ ದೊಡ್ಡ ಹೋಟೆಲ್ಲೇ ಸರಿ. ಮಂಡಿ ನೋವಿರುವ ಅಪ್ಪ ಅಮ್ಮ ಜೊತೆಗಿದ್ದರೆ ಬೇಡವೇ ಬೇಡ. ಬುಕ್ ಮಾಡುವ ಮುಂಚೆ ಫೋನ್ ಮಾಡಿ ಕೇಳಿ: ಕಿಟಕಿ ಎತ್ತ ತೆರೆಯುತ್ತೆ, ಎಷ್ಟು ಮೆಟ್ಟಿಲು, ಕಾರು ಎಲ್ಲಿಯವರೆಗೆ ಬರುತ್ತೆ. ಈ ಫೋಟೋ ನನಗೆ ಕೊಡುವ ರೂಮಿನದೇನಾ ಅಂತಲೂ ಕೇಳಿ. ನಾನು ಕೇಳಿರಲಿಲ್ಲ.

ಅತ್ತಿಗೆ ಕಳೆದ ತಿಂಗಳು ಮಕ್ಕಳನ್ನು ಕರೆದುಕೊಂಡು ದೆಹಲಿಗೆ ಹೋದರು. ಈಜುಕೊಳ ಇರುವ ಕಡೆಯೇ ಉಳಿದುಕೊಳ್ಳಿ, ಒಂದು ಸಂಜೆ ಮಾತ್ರ ಯಾವುದಾದರೂ ಹವೇಲಿಯ ತಾರಸಿಯಲ್ಲಿ ಊಟ ಮಾಡಿ ಅಂದಿದ್ದೆ. ಊಟ ಆಯಿತೋ ಇಲ್ಲವೋ ಗೊತ್ತಿಲ್ಲ. ಪಕ್ಕದಲ್ಲೇ ಕಿನಾರಿ ಬಜಾರ್ ಇದೆಯಲ್ಲ, ಜರಿ ಅಂಚು, ಲೇಸುಗಳದೇ ಗಲ್ಲಿ. ಅಲ್ಲಿಂದ ಫೋಟೋ ಕಳಿಸಿದರು, ಕೈತುಂಬ ಲೇಸು. ಕೆಳಗೆ ಬರೆದಿದ್ದರು: "ನಾನು ಹೇಳಿರಲಿಲ್ವಾ, ಬೂಟೀಕ್ ಅಂದ್ರೆ ಇದೇ ಕಣೇ."