ಕಾಣಿಸುವುದಿಲ್ಲ, ಅಷ್ಟೇ

ಇಂಗ್ಲೆಂಡಿನ ಈ ಸಣ್ಣ ಊರಿನ ಗ್ರಂಥಾಲಯದಲ್ಲಿ ಮಂಗಳವಾರ ಸಂಜೆ ನಡೆದ ಸಭೆಯಿಂದ ಮನೆಗೆ ಬಂದಾಗಿನಿಂದ ಒಂದು ಮಾತು ನನ್ನ ತಲೆಯಲ್ಲಿಯೇ ಸುತ್ತುತ್ತಿದೆ. ನಮ್ಮ ಬೀದಿಗಳಲ್ಲಿ ಆರು ವರ್ಷ ನಡೆದುಕೊಂಡೇ ಗಸ್ತು ತಿರುಗಿದ ಪಿಸಿಎಸ್‌ಒ (ಪೊಲೀಸ್ ಸಮುದಾಯ ಸಹಾಯಕ ಅಧಿಕಾರಿ) ಹುಡುಗಿಯ ಹುದ್ದೆಯನ್ನು ಹಣದ ಕೊರತೆಯಿಂದ ರದ್ದು ಮಾಡಿರುವುದನ್ನು ತಿಳಿಸಲು ಬಂದಿದ್ದ ಇನ್ಸ್‌ಪೆಕ್ಟರ್, ಪರದೆಯ ಮೇಲೆ ಅಂಕಿಅಂಶಗಳನ್ನು ತೋರಿಸಿ, ನಮ್ಮ ವಾರ್ಡಿನಲ್ಲಿ ಮನೆಗಳ್ಳತನ ಹೆಚ್ಚಿಲ್ಲವೆಂದು ವಿವರಿಸಿ, ಕೊನೆಗೆ, "ನಾವು ಎಲ್ಲಿಗೂ ಹೋಗಿಲ್ಲ, ಇಲ್ಲೇ ಇದ್ದೇವೆ. ಮೊದಲಿನ ಹಾಗೆ ಕಾಣಿಸುವುದಿಲ್ಲ, ಅಷ್ಟೇ" ಎಂದರು. ನನ್ನ ಪಕ್ಕದಲ್ಲಿ ಕುಳಿತಿದ್ದ ನೆರೆಮನೆಯ ಅಜ್ಜಿ ಕೈಯೆತ್ತದೆ, ದನಿ ಏರಿಸದೆ, "ನಮ್ಮ ಪಾದ್ರಿಗಳೂ ದೇವರ ವಿಷಯದಲ್ಲಿ ಹೀಗೆಯೇ ಹೇಳುತ್ತಾರೆ" ಎಂದರು.

ಸಭೆಯೆಲ್ಲ ನಕ್ಕಿತು, ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಹಿಂದಿನ ಸಾಲಿನ ಮಹನೀಯರೊಬ್ಬರು. ಕೌನ್ಸಿಲ್ ತೆರಿಗೆಯ ಬಿಲ್ಲಿನಲ್ಲಿ ಪೊಲೀಸರ ಪಾಲು ಏರಿದಾಗ ಬೀದಿಯುದ್ದಕ್ಕೂ ಗೊಣಗಿಕೊಂಡು ಓಡಾಡಿದವರೂ ಅವರೇ. ಇನ್ಸ್‌ಪೆಕ್ಟರ್ ಕೆಟ್ಟವರೆಂದು ನನಗೆ ಅನ್ನಿಸಲಿಲ್ಲ. ಅವರ ಕಿವಿ ಕೆಂಪಾದದ್ದನ್ನು ನೋಡಿದೆ. ಆ ವಾಕ್ಯವನ್ನು ಬರೆದುಕೊಟ್ಟವರು ಬೇರೆ ಯಾರೋ ಇರಬೇಕು.

ಪಿಸಿಎಸ್‌ಒಗಳಿಗೆ ಬಂಧಿಸುವ ಅಧಿಕಾರವಿಲ್ಲ. 2002ರ ಪೊಲೀಸ್ ಸುಧಾರಣಾ ಕಾಯ್ದೆ ಈ ಹುದ್ದೆಯನ್ನು ಸೃಷ್ಟಿಸಿದ್ದೇ ಪೊಲೀಸರು ಬೀದಿಯಲ್ಲಿ ಕಣ್ಣಿಗೆ ಬೀಳಲಿ ಎಂದು. 2010ರ ನಂತರ ಖರ್ಚು ಕಡಿತ ಆರಂಭವಾದಾಗ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪೊಲೀಸ್ ಅಧಿಕಾರಿಗಳ ಸಂಖ್ಯೆ ಎಂಟು ವರ್ಷಗಳಲ್ಲಿ 20,000ಕ್ಕೂ ಹೆಚ್ಚು ಇಳಿಯಿತು; ಸುಮಾರು 17,000 ಇದ್ದ ಪಿಸಿಎಸ್‌ಒಗಳು ಸುಮಾರು 10,000 ಉಳಿದರು. ಇದರ ಹಿಂದಿನ ಲೆಕ್ಕ ಸರಳ. ಪ್ರಮಾಣವಚನ ಸ್ವೀಕರಿಸಿದ ಅಧಿಕಾರಿ ಕಾನೂನಿನ ಪ್ರಕಾರ ನೌಕರನಲ್ಲ, ಆದ್ದರಿಂದ ಹುದ್ದೆ ಹೆಚ್ಚಾಯಿತೆಂದು ಅವನನ್ನು ಮನೆಗೆ ಕಳುಹಿಸಲಾಗದು. ಪಿಸಿಎಸ್‌ಒ ನೌಕರರು, ಅವರನ್ನು ಕಳುಹಿಸಬಹುದು. 2019ರಲ್ಲಿ 20,000 ಅಧಿಕಾರಿಗಳನ್ನು ಮರಳಿ ನೇಮಿಸುವ ಯೋಜನೆ ಬಂದಾಗಲೂ ಆ ಸಂಖ್ಯೆಯನ್ನು ಕಾಪಾಡಿಕೊಳ್ಳುವ ಒತ್ತಡವಿದ್ದುದರಿಂದ ಉಳಿತಾಯದ ಕತ್ತರಿ ಮತ್ತೆ ಇವರ ಕಡೆಗೇ ತಿರುಗಿತು. ಜನರಿಗೆ ಕಾಣಿಸುವುದೇ ಯಾರ ಕೆಲಸವಾಗಿತ್ತೋ, ಅವರನ್ನು ತೆಗೆದು, ಈಗ ಕಾಣಿಸದಿದ್ದರೂ ಇದ್ದೇವೆ ಎನ್ನುತ್ತಿದ್ದಾರೆ.

ಕಾಣಿಸುವುದರಿಂದ ಏನು ಪ್ರಯೋಜನ ಎಂದು ಕೇಳುವವರಿಗೂ ಆಧಾರವಿದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. 1972-73ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಕೆಲವು ಪ್ರದೇಶಗಳಿಂದ ಗಸ್ತು ಕಾರುಗಳನ್ನು ಹಿಂತೆಗೆದು, ಇನ್ನು ಕೆಲವು ಕಡೆ ಎರಡು ಮೂರು ಪಟ್ಟು ಹೆಚ್ಚಿಸಿ ನೋಡಿದಾಗ ಅಪರಾಧದಲ್ಲಿ ಗಮನಾರ್ಹ ವ್ಯತ್ಯಾಸವಾಗಲಿಲ್ಲ. ಅಲ್ಲಿನ ನಿವಾಸಿಗಳಿಗೆ ಬದಲಾವಣೆ ಹೆಚ್ಚಾಗಿ ಗೊತ್ತೇ ಆಗಲಿಲ್ಲ. ಆದರೆ ಅದೇ ದಶಕದ ಕೊನೆಯಲ್ಲಿ ಅಮೆರಿಕದ್ದೇ ಆದ ನೆವಾರ್ಕ್ ನಗರದಲ್ಲಿ ನಡೆದುಕೊಂಡು ತಿರುಗುವ ಗಸ್ತನ್ನು ಪರೀಕ್ಷಿಸಿದಾಗ ಫಲಿತಾಂಶ ಬೇರೆಯಾಗಿತ್ತು: ಅಪರಾಧ ಅಲ್ಲಿಯೂ ಇಳಿಯಲಿಲ್ಲ, ಆದರೆ ಜನರಿಗೆ ಪೊಲೀಸರು ಇರುವುದು ತಿಳಿಯಿತು, ಭಯ ಕಡಿಮೆಯಾಯಿತು. ಹಾಗಾದರೆ ಅದು ಬರೀ ಭ್ರಮೆಯೇ? ಮಂಗಳವಾರ ರಾತ್ರಿ ನಾನು ಇದನ್ನೇ ಯೋಚಿಸುತ್ತ ಮಲಗಿದೆ. ನಮ್ಮಲ್ಲಿ ಜ್ವರ ಬಂದು ಮಲಗಿದವರ ಬಳಿ ಯಾರಾದರೂ ಹೋಗಿ ಕುಳಿತು ಧೈರ್ಯ ಹೇಳುತ್ತಾರೆ. ಅದರಿಂದ ಜ್ವರ ಇಳಿಯುವುದಿಲ್ಲವೆಂದು ಇಬ್ಬರಿಗೂ ಗೊತ್ತು. ಹಾಗೆಂದು ಧೈರ್ಯ ಹೇಳುವುದು ಸುಳ್ಳು ಹೇಳಿದಂತೆ ಎಂದು ಯಾರೂ ಅನ್ನುವುದಿಲ್ಲ. ಒಂದೇ ನಿಬಂಧನೆ, ಮನೆಗೆ ಬಂದು ಹೇಳಬೇಕು.

ಆ ಹುಡುಗಿ ಬರುತ್ತಿದ್ದಳು. ಕೆಟ್ಟ ಬೀದಿದೀಪವನ್ನು ಬರೆದುಕೊಳ್ಳುತ್ತಿದ್ದಳು, ಶಾಲೆ ಬಿಡುವ ಹೊತ್ತಿಗೆ ಮೂಲೆಯಲ್ಲಿ ನಿಲ್ಲುತ್ತಿದ್ದಳು, ಅಜ್ಜಿಯ ನಾಯಿಗೆ ಯಾವ ಕಾಲು ನೋಯುತ್ತದೆಂಬುದೂ ಅವಳಿಗೆ ಗೊತ್ತಿತ್ತು. ಪರದೆಯ ಮೇಲಿನ ಯಾವ ಅಂಕಿಯಲ್ಲಿಯೂ ಇವು ಇರಲಿಲ್ಲ, ಆದ್ದರಿಂದ ಇವು ನಿಂತದ್ದೂ ಅಲ್ಲಿ ಕಾಣಿಸದು.

ಗುರುವಾರ ಬೆಳಿಗ್ಗೆ ಬಸ್ ತಂಗುದಾಣದ ಗಾಜು ಪುಡಿಯಾಗಿ ಬಿದ್ದಿತ್ತು. ತುರ್ತಲ್ಲದ ದೂರುಗಳಿಗಿರುವ 101ಕ್ಕೆ ಕರೆ ಮಾಡಿದೆ. ಬಹಳ ಹೊತ್ತು ಕಾದ ಮೇಲೆ ಸಿಕ್ಕವರು ಸೌಜನ್ಯದಿಂದಲೇ ಮಾತನಾಡಿ, ಯಾರಿಗಾದರೂ ಪೆಟ್ಟಾಗಿದೆಯೇ ಎಂದು ಕೇಳಿ, ದೂರಿನ ಸಂಖ್ಯೆಯನ್ನು ಕೊಟ್ಟರು. ಅಜ್ಜಿ ಅದನ್ನು ನನ್ನಿಂದ ಚೀಟಿಯಲ್ಲಿ ಬರೆಸಿಕೊಂಡು ಫ್ರಿಜ್ಜಿನ ಬಾಗಿಲಿಗೆ, ಆ ಹುಡುಗಿ ಎಂದೋ ಕೊಟ್ಟಿದ್ದ ಕಾರ್ಡಿನ ಕೆಳಗೆ ಅಂಟಿಸಿದರು. ಆಮೇಲೆ, ಫೋನಿನಲ್ಲಿ ಮಾತನಾಡಿದವರ ಹೆಸರೇನು ಎಂದು ಕೇಳಿದರು. ನಾನು ಕೇಳಿರಲಿಲ್ಲ.